ಬತ್ತಿ ನೆನೆಯುವ ಮುಂಚೆ ಬೆಂಕಿ ಬೇಡ



ಹೋದ ಸಂಚಿಕೆಯಲ್ಲಿ ಮೆಂತ್ಯದ ಹಿಟ್ಟಿನ ಬಗ್ಗೆ ಬರೆದವಳು ಈ ಸಲ ದಮ್ಮು ಎಳೆಯುವ ಯಂತ್ರದ ಮಾತು ತೆಗೆದಿದ್ದಾಳಲ್ಲ ಎಂದು ಮೂಗು ಮುರಿಯಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯುವಿರಂತೆ. ನಿಮ್ಮಲ್ಲಿ ಎಷ್ಟೋ ಜನರ ತಮ್ಮನೋ ಮಗನೋ ಅಳಿಯನೋ ಇಂಗ್ಲೆಂಡಿನಲ್ಲಿ ಇದ್ದಾರು. ಅವರಲ್ಲಿ ಒಬ್ಬಿಬ್ಬರು ಸಿಗರೇಟು ಬಿಡಬೇಕೆಂದು ಒದ್ದಾಡುತ್ತಲೂ ಇದ್ದಾರು. ಈ ಬರಹ ಅಂಥವರ ಮನೆಯವರಿಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ‘ವೇಪ್’ ಎಂದು ಕರೆಯುವ ಈ ವಿದ್ಯುತ್ ಸಿಗರೇಟಿಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಅದರ ವಿವರ ಕೊನೆಯಲ್ಲಿ ಬರೆದಿದ್ದೇನೆ. ನಾನೀಗ ಹೇಳುತ್ತಿರುವುದು ಇಂಗ್ಲೆಂಡಿನ ಮನೆಯೊಂದರಲ್ಲಿ ನಡೆದದ್ದು.

2025ರ ಅಕ್ಟೋಬರಿನಲ್ಲಿ ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದೆ. ಆಕೆಯ ತಾಯಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ನಮ್ಮ ಅಮ್ಮ ಇಲ್ಲ. ಹೀಗಾಗಿ ಮೆಣಸು, ಓಮ, ಬೆಳ್ಳುಳ್ಳಿ ಕಟ್ಟಿಕೊಂಡು ನಾನೇ ಹೊರಟೆ. ಹೋದ ಮೂರನೇ ದಿನ ತಮ್ಮನ ಕೋಟು ಬಿಸಿಲಿಗೆ ಹಾಕೋಣವೆಂದು ಜೇಬು ತಡಕಿದರೆ ಸಿಗರೇಟಿನ ಪ್ಯಾಕು ಕೈಗೆ ಸಿಕ್ಕಿತು. ನನ್ನ ಎದೆ ಧಸಕ್ಕೆಂದಿತು. ನಮ್ಮ ಅಪ್ಪ ಬೀಡಿ ಸೇದುತ್ತಿದ್ದರು. ಅವರ ಕೊನೆಯ ಎರಡು ವರ್ಷದ ಕೆಮ್ಮನ್ನು ರಾತ್ರಿ ಎದ್ದು ಕೂತು ಕೇಳಿದವರು ನಾವಿಬ್ಬರೇ. ಆ ಕೆಮ್ಮು ಕೇಳಿಯೂ ಇವನು ಇಂಜಿನಿಯರಿಂಗ್ ಓದುವಾಗ ಕಲಿತ ಚಟವನ್ನು ಬಿಟ್ಟಿರಲಿಲ್ಲ. ಬಿಟ್ಟಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದ. ಈಗ ಮನೆಯಲ್ಲಿ ಹನ್ನೆರಡು ದಿನದ ಹಸುಗೂಸು ಬೇರೆ!

ರಾತ್ರಿ ಊಟವಾದ ಮೇಲೆ ಪ್ಯಾಕನ್ನು ಮೇಜಿನ ಮೇಲೆ ಇಟ್ಟೆ. ಮಾತಾಡಲಿಲ್ಲ. ಅವನೇ ತಲೆ ತಗ್ಗಿಸಿದ.

‘ಬೈಬೇಡ ಅಕ್ಕ. ನಿಜವಾಗಿಯೂ ಬಿಟ್ಟಿದ್ದೆ. ಹೋದ ವರ್ಷದ ಯುಗಾದಿಯಿಂದ ಒಂದೂ ಸೇದಿರಲಿಲ್ಲ. ಬಳಸಿ ಬಿಸಾಡುವ ವೇಪ್ ಇತ್ತಲ್ಲ, ಅದರಲ್ಲೇ ಕಾಲ ಹಾಕಿದ್ದೆ. ಈ ಜೂನ್ ಒಂದರಿಂದ ಅದನ್ನು ಮಾರಬಾರದು ಅಂತ ಸರ್ಕಾರ ನಿಲ್ಲಿಸಿತು. ತುಂಬಿಸಿಕೊಳ್ಳುವ ಟ್ಯಾಂಕ್ ತಂದೆ. ಎಳೆದರೆ ಬರೀ ಸೀದ ರುಚಿ. ಗಂಟಲು ಸುಟ್ಟು ಹೋಗುತ್ತೆ. ನಾಲ್ಕು ದಿನ ನೋಡಿದೆ, ಸಾಕಪ್ಪ ಅನ್ನಿಸಿತು. ಮತ್ತೆ ಇದಕ್ಕೇ ಬಂದೆ’ ಎಂದ.

ಅವನು ಹೇಳಿದ್ದು ನಿಜ. ಬ್ರಿಟನ್ನಿನಲ್ಲಿ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಂತಿದೆ. ಅವುಗಳಲ್ಲಿ ನೋಡಿಕೊಳ್ಳಬೇಕಾದ್ದು ಏನೂ ಇರಲಿಲ್ಲ, ಎಳೆಯುವುದು, ಮುಗಿದರೆ ಬಿಸಾಡುವುದು. ಟ್ಯಾಂಕಿನ ಯಂತ್ರ ಹಾಗಲ್ಲ, ಅದನ್ನು ನಾವೇ ಸಂಬಾಳಿಸಬೇಕು. ಹೊಸಬರು ಎಡವುವುದೇ ಅಲ್ಲಿ.

‘ಎಲ್ಲಿ, ಆ ಯಂತ್ರ ತಗೊಂಡು ಬಾ’ ಎಂದೆ. ಡ್ರಾಯರಿನ ಮೂಲೆಯಿಂದ ತಂದ. ಬಿಚ್ಚಿ ತೋರಿಸು ಎಂದೆ. ಕೆಳಗೆ ಬ್ಯಾಟರಿ. ಅದರ ಮೇಲೆ ಗಾಜಿನ ಪುಟ್ಟ ಡಬ್ಬಿ, ಅದೇ ಟ್ಯಾಂಕು. ಅಲ್ಲಿನ ಕಾನೂನಿನಂತೆ ಅದರಲ್ಲಿ 2 ಮಿಲಿಲೀಟರಿಗಿಂತ ಹೆಚ್ಚು ದ್ರವ ಹಿಡಿಯುವ ಹಾಗಿಲ್ಲ. ಮೇಲೆ ಬಾಯಿಗಿಡುವ ಕೊಳವೆ. ಟ್ಯಾಂಕಿನ ನಡುವೆ ಬೆರಳ ತುದಿಯಷ್ಟು ದಪ್ಪದ ಒಂದು ಲೋಹದ ತುಂಡು. ಅದಕ್ಕೆ ಕಾಯಿಲ್ ಎನ್ನುತ್ತಾರೆ. ಅದರ ಪಕ್ಕದಲ್ಲಿ ಸಣ್ಣ ಸಣ್ಣ ತೂತು. ತೂತಿನಲ್ಲಿ ಇಣುಕಿ ನೋಡಿದರೆ ಒಳಗೆ ಹತ್ತಿ, ಹತ್ತಿಯ ನಡುವೆ ತಂತಿ. ಹತ್ತಿ ಕಪ್ಪಗೆ ಸೀದು ಕರಿಯಾಗಿತ್ತು.

ನನಗೆ ನಗು ಬಂತು. ‘ಅಯ್ಯೋ ಪೆದ್ದ, ಇದು ಬತ್ತಿ ಕಣೋ! ಒಣಬತ್ತಿಗೆ ಬೆಂಕಿ ಹಚ್ಚಿದ್ದೀಯ’ ಎಂದೆ.

ನೀವೇ ಹೇಳಿ, ದೇವರ ಮುಂದೆ ಹೂಬತ್ತಿ ಇಟ್ಟು ಎಣ್ಣೆ ಹಾಕಿದ ಕೂಡಲೇ ಕಡ್ಡಿ ಗೀರುತ್ತೀರಾ? ಬತ್ತಿಯ ತುದಿಗೂ ಎಣ್ಣೆ ಸವರಿ, ನೆನೆಯಲು ಬಿಟ್ಟು ಆಮೇಲೆ ಹಚ್ಚುತ್ತೇವೆ. ಇಲ್ಲದಿದ್ದರೆ ತುದಿ ಕರಟಿ ಹೊಗೆಯಾಡಿ ಮನೆಯೆಲ್ಲ ಬಟ್ಟೆ ಸುಟ್ಟ ವಾಸನೆ. ಬತ್ತಿ ಸ್ಟೌ ಇದ್ದ ಕಾಲದಲ್ಲಿ ಹೊಸ ಬತ್ತಿ ಪೋಣಿಸಿದ ದಿನ ನಮ್ಮ ಅಮ್ಮ ಸೀಮೆಎಣ್ಣೆ ಹೀರಲಿ ಎಂದು ಕಾದು ಆಮೇಲೆ ಹಚ್ಚುತ್ತಿದ್ದರು. ಇದೂ ಹಾಗೇ. ಗುಂಡಿ ಒತ್ತಿದರೆ ತಂತಿ ಕಾಯುತ್ತದೆ. ಅದರ ಸುತ್ತ ಇರುವ ಹತ್ತಿಯಲ್ಲಿ ದ್ರವ ಇದ್ದರೆ ಆ ಕಾವು ದ್ರವವನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಪಾತ್ರೆಯಲ್ಲಿ ನೀರು ಇರುವ ತನಕ ತಳ ಸೀಯುವುದಿಲ್ಲ ಅಲ್ಲವೇ, ಹಾಗೆ. ದ್ರವ ಇಲ್ಲದಿದ್ದರೆ ಕಾವು ಏರುತ್ತಾ ಹೋಗಿ ಹತ್ತಿಯನ್ನೇ ಸುಡುತ್ತದೆ. ಬಾಯಿಗೆ ಬರುವ ಸೀದ ರುಚಿ ಅದೇ.

ಈ ರುಚಿಯನ್ನು ಸಹಿಸಿಕೊಂಡು ಎಳೆಯಬಾರದು, ಅದಕ್ಕೆ ಕಾರಣ ಇದೆ. ಆ ದ್ರವದಲ್ಲಿ ಇರುವುದು ಮುಖ್ಯವಾಗಿ ಎರಡು: ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಜೊತೆಗೆ ವಾಸನೆಯ ಎಸೆನ್ಸು, ನಿಕೋಟಿನ್. ಬಾಣಲೆಯಲ್ಲಿ ಎಣ್ಣೆ ಮಿತಿಮೀರಿ ಕಾದಾಗ ಕಣ್ಣು ಮೂಗಿಗೆ ಚುರ್ರೆನ್ನುವ ಘಾಟು ಏಳುತ್ತದಲ್ಲ, ಅದರಲ್ಲಿ ಅಕ್ರೋಲಿನ್ ಎಂಬ ಪದಾರ್ಥವಿರುತ್ತದೆ. ಗ್ಲಿಸರಿನ್ ಅತಿಯಾಗಿ ಕಾದರೂ ಅದೇ ಹುಟ್ಟುತ್ತದೆ. ಜೊತೆಗೆ ಫಾರ್ಮಾಲ್ಡಿಹೈಡ್ ಸಹ. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಸಾಮಾನ್ಯ ಕಾವಿನಲ್ಲಿ ಬಹಳ ಕಡಿಮೆಯಿದ್ದ ಈ ಪದಾರ್ಥಗಳು ಬತ್ತಿ ಒಣಗಿ ಸೀದಾಗ ವಿಪರೀತ ಹೆಚ್ಚಾದದ್ದು ಕಂಡುಬಂತು. ಆದ್ದರಿಂದ ಸೀದ ರುಚಿ ಬಂದರೆ ‘ನಿಲ್ಲಿಸು’ ಎಂಬ ಎಚ್ಚರಿಕೆ ಎಂದೇ ತಿಳಿಯಬೇಕು.

ಆ ರಾತ್ರಿಯೇ ಹೊಸ ಕಾಯಿಲ್ ತೆಗೆಸಿದೆ. ಯಂತ್ರದ ಜೊತೆ ಒಂದು ಹೆಚ್ಚಿನದು ಬಂದಿತ್ತು. ಕೊಟ್ಟ ಸೂಚನಾ ಪತ್ರ ಅವನು ಬಿಚ್ಚಿಯೂ ನೋಡಿರಲಿಲ್ಲ! ಅದನ್ನು ಓದಿಸುತ್ತಾ ಇಬ್ಬರೂ ಕೂತು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಒಂದು, ಬತ್ತಿ ನೆನೆಸುವುದು. ಹೊಸ ಕಾಯಿಲಿನ ಪಕ್ಕದ ಒಂದೊಂದು ತೂತಿಗೂ ಎರಡೆರಡು ಹನಿ ದ್ರವ ಬಿಟ್ಟು, ಬಿಳಿ ಹತ್ತಿ ಒದ್ದೆಯಾದದ್ದು ಕಣ್ಣಿಗೆ ಕಾಣುವ ತನಕ ಕಾಯಬೇಕು. ತುಂಬಾ ಸುರಿಯಬಾರದು.

ಎರಡು, ತುಂಬಿಸುವುದು. ಕಾಯಿಲನ್ನು ಭದ್ರವಾಗಿ ತಿರುಗಿಸಿ ಕೂರಿಸಿ, ಟ್ಯಾಂಕಿನ ಅಂಚಿನಲ್ಲಿ ದ್ರವ ಹಾಕಬೇಕು. ನಡುವಿನ ಕೊಳವೆ ಗಾಳಿ ಹೋಗುವ ದಾರಿ, ಅದರೊಳಗೆ ಬೀಳಬಾರದು. ಮೇಲೆ ಚೂರು ಜಾಗ ಬಿಡಬೇಕು.

ಮೂರು, ಕಾಯುವುದು. ಕಷ್ಟವಾಗುವುದು ಇದೇ. ತುಂಬಿಸಿ ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಬಿಡಬೇಕು. ದ್ರವ ಮಂದವಾಗಿದ್ದರೆ ಕಾಲು ಗಂಟೆ ಇಪ್ಪತ್ತು ನಿಮಿಷ ಆದರೂ ತಪ್ಪಿಲ್ಲ. ನಮ್ಮವನು ಎರಡನೇ ನಿಮಿಷಕ್ಕೇ ಕೈ ಚಾಚಿದ. ಕೈಗೆ ಒಂದು ಪೆಟ್ಟು ಕೊಟ್ಟೆ. ಕೂಸಿನ ಬಟ್ಟೆಗಳನ್ನು ಮಡಿಸಲು ಕೊಟ್ಟೆ. ಹನ್ನೆರಡು ಮಡಿಸುವಷ್ಟರಲ್ಲಿ ಹೊತ್ತು ಆಯಿತು.

ನಾಲ್ಕು, ಗುಂಡಿ ಒತ್ತದೆ ಎರಡು ಮೂರು ಸಲ ಸುಮ್ಮನೆ ಮೆಲ್ಲಗೆ ಎಳೆಯುವುದು. ಆಗ ದ್ರವ ಬತ್ತಿಯೊಳಕ್ಕೆ ಬರುತ್ತದೆ. ಟ್ಯಾಂಕಿನಲ್ಲಿ ಒಂದೆರಡು ಗುಳ್ಳೆ ಮೇಲೆದ್ದರೆ ಬತ್ತಿ ಕುಡಿಯುತ್ತಿದೆ ಎಂದು ಅರ್ಥ.

ಐದು, ಉರಿ ಸಣ್ಣಗಿಡುವುದು. ಈ ಯಂತ್ರದ ಉರಿಗೆ ವಾಟ್ ಲೆಕ್ಕ. ಪ್ರತಿ ಕಾಯಿಲಿನ ಮೇಲೂ ಇಂತಿಷ್ಟರಿಂದ ಇಂತಿಷ್ಟು ಎಂದು ಅಚ್ಚಾಗಿರುತ್ತದೆ. ನಮ್ಮವನ ಕಾಯಿಲಿನ ಮೇಲೆ 12ರಿಂದ 16 ವಾಟ್ ಎಂದಿತ್ತು. ಇವನು ಇಟ್ಟಿದ್ದು 25! ಹಾಲು ಬೇಗ ಕಾಯಲಿ ಎಂದು ದೊಡ್ಡ ಉರಿ ಹಚ್ಚಿ ತಳ ಹಿಡಿಸುವವರ ಬುದ್ಧಿ ಇದು. ಕಡಿಮೆ ಎಂದಿರುವ ಅಂಕಿಯಿಂದ ಶುರು ಮಾಡಬೇಕು. ಆರೇಳು ದಮ್ಮು ಆದ ಮೇಲೂ ಸಪ್ಪೆ ಅನ್ನಿಸಿದರೆ ಒಂದೊಂದೇ ವಾಟ್ ಏರಿಸಬೇಕು. ಸೀದ ವಾಸನೆಯ ಸುಳಿವು ಬಂದ ಕೂಡಲೇ ಇಳಿಸಬೇಕು.

ಆರು, ಎಳೆಯುವ ರೀತಿ. ಸಿಗರೇಟಿನ ಅಭ್ಯಾಸದವರು ಜೋರಾಗಿ, ಪಟಪಟನೆ ಎಳೆಯುತ್ತಾರೆ. ಇಲ್ಲಿ ಹಾಗಾಗದು. ಮೆಲ್ಲಗೆ ಎರಡು ಮೂರು ಸೆಕೆಂಡು ಎಳೆದು, ಅರ್ಧ ನಿಮಿಷ ಬಿಡುವು ಕೊಡಬೇಕು. ಒಂದು ದಮ್ಮಿಗೆ ಬತ್ತಿಯಲ್ಲಿ ಖರ್ಚಾದದ್ದು ಮತ್ತೆ ತುಂಬಿಕೊಳ್ಳಲು ಹೊತ್ತು ಬೇಡವೇ?

ಇಷ್ಟೂ ಮಾಡಿ ಅವನು ಹಿತ್ತಿಲಿಗೆ ಹೋಗಿ ಎಳೆದ. ನಾನು ಕಿಟಕಿಯಿಂದ ಅವನ ಮುಖ ನೋಡುತ್ತಿದ್ದೆ. ಹುಬ್ಬು ಸಡಿಲವಾಯಿತು. ಒಳಗೆ ಬಂದು ‘ಇದ್ಯಾಕೆ ಅಂಗಡಿಯವನು ಹೇಳಲಿಲ್ಲ ಅಕ್ಕ?’ ಎಂದ. ಪತ್ರದಲ್ಲಿ ಹೇಳಿದ್ದರಪ್ಪ, ನೀನು ಓದಲಿಲ್ಲ!

ಅಷ್ಟಕ್ಕೇ ಕಥೆ ಸುಖಾಂತ್ಯ ಎಂದುಕೊಳ್ಳಬೇಡಿ. ನಾಲ್ಕನೇ ದಿನ ಮತ್ತೆ ಸೀದ ರುಚಿ. ಮುಖ ಸಿಂಡರಿಸಿಕೊಂಡು ಕೋಟು ಹಾಕಿಕೊಂಡ. ಅಂಗಡಿಗೆ, ಅಂದರೆ ಸಿಗರೇಟಿಗೆ ಹೊರಟಿದ್ದ. ‘ಕೂತ್ಕೋ’ ಎಂದೆ. ‘ಬತ್ತಿ ಒಣಗಿದ್ದು ಯಾಕೆ ಅಂತ ನೋಡೋಣ. ಆಮೇಲೆ ಹೋಗುವಿಯಂತೆ.’ ವಿಚಾರಿಸಿದರೆ ಒಂದಲ್ಲ, ಮೂರು ಕಾರಣ ಸಿಕ್ಕವು.

ಮೊದಲನೆಯದು, ಟ್ಯಾಂಕಿನಲ್ಲಿ ದ್ರವ ತಳ ಕಂಡಿತ್ತು. ಕಾಯಿಲಿನ ತೂತುಗಳು ದ್ರವದ ಮೇಲೆ ಬಂದುಬಿಟ್ಟರೆ ಬತ್ತಿ ಹೀರುವುದು ಏನನ್ನು? ಕಾಲು ಭಾಗಕ್ಕೆ ಇಳಿಯುವ ಮುಂಚೆಯೇ ತುಂಬಿಸಬೇಕು. ಆಫೀಸಿನ ಫೋನು ಮುಗಿದ ಸಿಟ್ಟಿನಲ್ಲಿ ಬಿಡುವೇ ಕೊಡದೆ ಹತ್ತಾರು ಸಲ ಎಳೆದಿದ್ದನಂತೆ, ಅದೂ ಸೇರಿತು.

ಎರಡನೆಯದು, ದ್ರವದ ಮಂದ. ಬಾಟಲಿಯ ಮೇಲೆ ವಿ.ಜಿ. 70, ಪಿ.ಜಿ. 30 ಎಂದಿತ್ತು. ವಿ.ಜಿ. ಎಂದರೆ ಗ್ಲಿಸರಿನ್, ಮಂದ. ಪಿ.ಜಿ. ತೆಳು. ಇವನ ಕಾಯಿಲು 1 ಓಮಿನದು, ಸಣ್ಣ ತೂತಿನದು, ಸಿಗರೇಟಿನಂತೆ ಬಾಯಿಗೆ ಎಳೆದು ಆಮೇಲೆ ಒಳಕ್ಕೆ ತೆಗೆದುಕೊಳ್ಳುವ ಬಗೆ. ಅದಕ್ಕೆ ಅರ್ಧಕ್ಕರ್ಧ ಇರುವ ದ್ರವವೇ ಸರಿ. 70ರ ಮಂದದ್ದು ದೊಡ್ಡ ತೂತಿನ, ಹೆಚ್ಚು ವಾಟಿನ ಕಾಯಿಲುಗಳಿಗೆ. ಜಾಮೂನಿನ ಪಾಕ ಗಟ್ಟಿಯಾದರೆ ಉಂಡೆಯ ಒಳಗೆ ಇಳಿಯುವುದೇ ಇಲ್ಲ, ಹೊರಗೆ ಪಾಕ, ಒಳಗೆ ಒಣ ಹಿಟ್ಟು. ಇಲ್ಲೂ ಅದೇ ಆಗಿತ್ತು.

ಮೂರನೆಯದು, ಚಳಿ. ಯಂತ್ರವನ್ನು ರಾತ್ರಿಯೆಲ್ಲ ಕಾರಿನಲ್ಲಿ ಬಿಟ್ಟಿದ್ದ. ನಮ್ಮ ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವಷ್ಟು ಅಲ್ಲದಿದ್ದರೂ ಗ್ಲಿಸರಿನ್ ಸಹ ಚಳಿಗೆ ಇನ್ನೂ ಮಂದವಾಗುತ್ತದೆ. ಒಳಜೇಬಿನಲ್ಲಿ ಇಟ್ಟುಕೊಂಡು ಮೈಕಾವಿಗೆ ಬೆಚ್ಚಗಾದ ಮೇಲೆ ಬಳಸಬೇಕು. ಒಲೆಯ ಹತ್ತಿರ, ಹೀಟರಿನ ಮೇಲೆ ಇಡಕೂಡದು, ಕೆಳಗೆ ಬ್ಯಾಟರಿ ಇದೆ.

ಒಂದು ಸಲ ಹತ್ತಿ ಸೀದರೆ ಮುಗಿಯಿತು. ತೊಳೆದರೂ ದ್ರವ ಬದಲಿಸಿದರೂ ಆ ವಾಸನೆ ಹೋಗದು. ಸೀದ ಪಾಯಸಕ್ಕೆ ಎಷ್ಟು ಏಲಕ್ಕಿ ಹಾಕಿದರೇನು? ಕಾಯಿಲು ಬದಲಿಸಬೇಕು, ಅಷ್ಟೇ. ಸೀಯದಿದ್ದರೂ ಒಂದು ಕಾಯಿಲು ಸಾಮಾನ್ಯವಾಗಿ ಒಂದೆರಡು ವಾರ ಬರುತ್ತದೆ. ಕೇಸರಿಭಾತಿನಂತೆ ಸಿಹಿಸಿಹಿಯಾದ ದ್ರವಗಳು ತಂತಿಯ ಮೇಲೆ ಬೆಲ್ಲದ ಕರುಕಿನಂತೆ ಕಟ್ಟಿಕೊಂಡು ಕಾಯಿಲನ್ನು ಬೇಗ ಕೆಡಿಸುತ್ತವೆ. ಇವನ ಹಳೆಯ ಬಾಟಲಿ ಮಾವಿನಹಣ್ಣಿನ ಸಿಹಿಯದು. ಅದನ್ನು ಬಿಟ್ಟು ಸಿಹಿ ಇಲ್ಲದ ಪುದೀನದ್ದು, ಅರ್ಧಕ್ಕರ್ಧದ್ದು ತಂದ. ಆಮೇಲೆ ನಾನು ಇದ್ದಷ್ಟು ದಿನ ಸೀದ ರುಚಿಯ ದೂರು ಬರಲಿಲ್ಲ.

ಇನ್ನೊಂದು. ಸೀಯುವ ಹೆದರಿಕೆಗೆ ಅಳತೆಗಿಂತ ಕಡಿಮೆ ವಾಟ್ ಇಟ್ಟು ಜೋರಾಗಿ ಎಳೆದರೆ ಗುಳುಗುಳು ಸದ್ದು ಬಂದು ದ್ರವವೇ ಬಾಯಿಗೆ ಬರುತ್ತದೆ. ಅದು ಬತ್ತಿ ಮುಳುಗಿದ ಲಕ್ಷಣ. ಕೊಳವೆಯನ್ನು ಕಾಗದದಿಂದ ಒರೆಸಿ ಒಂದು ವಾಟ್ ಏರಿಸಿದರೆ ಸರಿಹೋಗುತ್ತದೆ.

ಈಗ ಅಕ್ಕನಾಗಿ ಹೇಳಬೇಕಾದ ಮಾತು. ಈ ಯಂತ್ರ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಎಲೆ ಸುಡುವುದಿಲ್ಲವಾದ್ದರಿಂದ ಸಿಗರೇಟಿನ ಟಾರು, ಕಾರ್ಬನ್ ಮಾನಾಕ್ಸೈಡು ಇದರಲ್ಲಿಲ್ಲ. ಅದಕ್ಕೇ ಇಂಗ್ಲೆಂಡಿನ ಎನ್.ಎಚ್.ಎಸ್. ಎಂಬ ಸರ್ಕಾರಿ ಆರೋಗ್ಯ ಸೇವೆ ಸಿಗರೇಟು ಸೇದುವ ದೊಡ್ಡವರಿಗೆ ಬಿಡುವ ದಾರಿಗಳಲ್ಲಿ ಇದನ್ನೂ ಒಂದಾಗಿ ಹೇಳುತ್ತದೆ. ಆದರೆ ನಿರಪಾಯವೆಂದು ಅವರೂ ಹೇಳುವುದಿಲ್ಲ. ನಿಕೋಟಿನ್ ಚಟ ಹಿಡಿಸುವ ಪದಾರ್ಥ. ಎಂದೂ ಸಿಗರೇಟು ಮುಟ್ಟದವರು ಇದನ್ನು ಮುಟ್ಟಲೇಬಾರದು. ಅಲ್ಲಿಯೂ 18 ತುಂಬದವರಿಗೆ ಮಾರುವಂತಿಲ್ಲ. ಇದನ್ನೂ ಎಳೆದು ಸಿಗರೇಟನ್ನೂ ಸೇದಿದರೆ ಬಿಟ್ಟ ಹಾಗಾಗಲಿಲ್ಲ. ನಿಕೋಟಿನ್ನಿನ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕೊನೆಗೆ ಯಂತ್ರವನ್ನೂ ಬಿಡುವುದೇ ಗುರಿ. ಅಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಬಾರದೆಂದು ಕಾನೂನು. ನಮ್ಮವನು 12ರಲ್ಲಿದ್ದ, ಈಗ 6ಕ್ಕೆ ಇಳಿದಿದ್ದಾನೆ. ಆತುರದಿಂದ ಇಳಿಸಿ ಮತ್ತೆ ಸಿಗರೇಟಿಗೆ ಓಡುವುದಕ್ಕಿಂತ ನಿಧಾನವೇ ಮೇಲು.

ಕೂಸಿರುವ ಮನೆಯಲ್ಲಿ ಇನ್ನೂ ಎಚ್ಚರ. ಆ ಬಾಟಲಿಯ ದ್ರವ ಮಗುವಿನ ಹೊಟ್ಟೆಗೆ ಸ್ವಲ್ಪ ಹೋದರೂ ವಿಷ. ಬಣ್ಣದ ಚಿತ್ರ, ಹಣ್ಣಿನ ವಾಸನೆ ನೋಡಿ ಶರಬತ್ತೆಂದು ಮಕ್ಕಳು ಬಾಯಿಗಿಟ್ಟಾವು. ಎತ್ತರದ ಕಪಾಟಿನಲ್ಲಿ ಬೀಗ ಹಾಕಿ ಇಡಿಸಿದೆ. ಟ್ಯಾಂಕು ತುಂಬಿಸಿದ ಕೈಯನ್ನು ಸೋಪಿನಿಂದ ತೊಳೆಯದೆ ಕೂಸನ್ನು ಮುಟ್ಟಬಾರದು, ಎಳೆಯುವುದಿದ್ದರೆ ಹಿತ್ತಿಲಿನಲ್ಲೇ ಎಂದು ಕಟ್ಟುನಿಟ್ಟು ಮಾಡಿದೆ.

ನಮ್ಮೂರಿನ ಮಾತಿಗೆ ಬರೋಣ. ಕರ್ನಾಟಕದಲ್ಲಿ 2016ರಲ್ಲೇ ಇದರ ಮಾರಾಟ ನಿಲ್ಲಿಸಿದ್ದರು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ನಿಷೇಧ. ಮೊದಲ ಸಲ ಮಾರಿ ಸಿಕ್ಕಿಬಿದ್ದರೆ ಒಂದು ವರ್ಷದ ತನಕ ಸೆರೆಮನೆ ಇಲ್ಲವೆ ಒಂದು ಲಕ್ಷ ರೂಪಾಯಿಯ ತನಕ ದಂಡ, ಎರಡೂ ಆಗಬಹುದು. ಆದ್ದರಿಂದ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬರಬೇಡ ಎಂದು ನಿಮ್ಮವರಿಗೆ ಹೇಳಿ. ಇಲ್ಲಿರುವ ನಿಮ್ಮ ಮನೆಯವರು ಸಿಗರೇಟು, ಬೀಡಿ, ಗುಟ್ಕಾ ಬಿಡಬೇಕೆಂದಿದ್ದರೆ 1800-11-2356 ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, ಸಿಗರೇಟಿನ ಪ್ಯಾಕಿನ ಮೇಲೇ ಅಚ್ಚಾಗಿದೆ. ಔಷಧದ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ, ವೈದ್ಯರನ್ನು ಕೇಳಿ ಕೊಡಿಸಬಹುದು.

ನಾನು ಹೊರಡುವ ದಿನ ತಮ್ಮ ಅದೇ ಕೋಟು ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಬಂದ. ಬೀಳ್ಕೊಡುವಾಗ ತಾನೇ ಜೇಬಿನ ಒಳಪದರ ಹೊರಗೆಳೆದು ತೋರಿಸಿ ನಕ್ಕ. ಖಾಲಿ. ನಾಳೆಯೂ ಖಾಲಿ ಇರುತ್ತದೆಂದು ಪ್ರಮಾಣ ಮಾಡಲು ನನ್ನಿಂದಾಗದು. ಆದರೆ ಒಂದು ಕಲಿತೆ. ಚಟ ಬಿಡುವವನು ಜಾರುವುದು ದೊಡ್ಡ ಕಾರಣಕ್ಕೇ ಆಗಬೇಕೆಂದಿಲ್ಲ. ಒಂದು ತುಂಡು ಹತ್ತಿ ಸೀದರೆ ಸಾಕು, ಒಂದೂಕಾಲು ವರ್ಷದ ಸಂಯಮ ಮಣ್ಣುಪಾಲು. ಆ ಹೊತ್ತಿನಲ್ಲಿ ನಾವು ಬೈದು ಬಾಗಿಲು ಹಾಕಿಕೊಂಡರೆ ಅವನು ಅಂಗಡಿಗೇ ಹೋಗುತ್ತಾನೆ. ಪಕ್ಕದಲ್ಲಿ ಕೂತು ‘ಎಲ್ಲಿ, ಬಿಚ್ಚಿ ತೋರಿಸು’ ಎಂದರೆ ಉಳಿದುಕೊಂಡಾನು. ಅಪ್ಪನ ಜೊತೆ ಹಾಗೆ ಕೂರಲು ನನಗೆ ಆಗ ತಿಳಿಯಲಿಲ್ಲ.

ತಾಳಿದವನು ಬಾಳಿಯಾನು ಎನ್ನುತ್ತಾರಲ್ಲ, ಬತ್ತಿಗೂ ಅದೇ ಮಾತು, ಮನುಷ್ಯನಿಗೂ ಅದೇ.

ಮುಂದಿನ ಸಂಚಿಕೆಯಲ್ಲಿ ಬಾಣಂತಿಯರ ಮೆಣಸಿನ ಸಾರಿನೊಂದಿಗೆ ಬರುತ್ತೇನೆ. ಅಲ್ಲಿಯವರೆಗೆ ನಮಸ್ಕಾರ.